ನಲವತ್ತೆಂಟು ಎಲೆಯ ದೊಡ್ಡಮನುಷ್ಯ

"ಆಂಟಿ, ತೀರಿಕೊಂಡ ಡಾಕ್ಟರ್ ಅಂಕಲ್ ಬಗ್ಗೆ ನ್ಯೂಸ್‌ಲೆಟರಿಗೆ ಒಂದು ಪೇಜ್ ಬರೆದುಕೊಡಿ. ಒಳ್ಳೇದೇ ಬರೀರಿ, ಪ್ಲೀಸ್" ಎಂದು ನಮ್ಮ ಕನ್ನಡ ಕೂಟದ ಸೆಕ್ರೆಟರಿ ಹುಡುಗಿ ಫೋನ್ ಮಾಡಿದಳು. ಒಳ್ಳೆಯದನ್ನು ಮೊದಲೇ ಬರೆದು ಮುಗಿಸುತ್ತೇನೆ. ಆ ಮನುಷ್ಯನ ಷೂ ಯಾವಾಗಲೂ ಹೊಳೆಯುತ್ತಿತ್ತು. ಕೈಬರಹ ಮುದ್ದಾಗಿತ್ತು, ಡಾಕ್ಟರ ಕೈಬರಹ ಎಂದು ಯಾರೂ ನಂಬುವಂತಿರಲಿಲ್ಲ. ಅಷ್ಟೇ. ಉಳಿದದ್ದು ನ್ಯೂಸ್‌ಲೆಟರಿಗೆ ಸಲ್ಲುವಂಥದ್ದಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬೇಡ. ಅವರಿಗೆ ಮಗಳಿದ್ದಾಳೆ, ಒಳ್ಳೆಯವಳು.

ನಮ್ಮ ಯಜಮಾನರೂ ಅವರೂ ಮೈಸೂರಿನಲ್ಲಿ ಒಂದೇ ಬ್ಯಾಚಿನಲ್ಲಿ ಎಂಬಿಬಿಎಸ್ ಮಾಡಿದವರು. ಇಬ್ಬರೂ ಅರಿವಳಿಕೆ ಡಾಕ್ಟರು. ಅವರು ಎರಡು ವರ್ಷ ಮೊದಲು ಇಂಗ್ಲೆಂಡಿಗೆ ಬಂದರು, ನಮ್ಮವರು ಎರಡು ವರ್ಷ ತಡವಾಗಿ. ಬರ್ಮಿಂಗ್‌ಹ್ಯಾಮಿನ ಅಂಚಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಇಬ್ಬರೂ ಸೇರಿದರು. ಈಗ ಆ ಆಸ್ಪತ್ರೆ ಇಲ್ಲ, ಲಕ್ಷುರಿ ಅಪಾರ್ಟ್‌ಮೆಂಟುಗಳಾಗಿದೆ. ಅವರು ಅಲ್ಲಿ ಕನ್ಸಲ್ಟೆಂಟ್ ಆದರು. ನಮ್ಮವರು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಸ್ಟಾಫ್ ಗ್ರೇಡ್ ಎನ್ನುವ ಹುದ್ದೆಯಲ್ಲಿ, ರಿಟೈರ್ ಆಗುವವರೆಗೂ ಉಳಿದರು. ಆ ಒಂದು ಮೆಟ್ಟಿಲಿನ ಕಥೆಯೇ ಇದು.

ಅದೇ ಡಿಪಾರ್ಟ್‌ಮೆಂಟಿನಲ್ಲಿ ಇನ್ನಿಬ್ಬರು ನಮ್ಮ ಕಡೆಯವರಿದ್ದರು. ಒಬ್ಬರು ಧಾರವಾಡದ ದೇಸಾಯರು, ಇನ್ನೊಬ್ಬ ಬೀದರಿನ ಇಕ್ಬಾಲ್. ಭಾನುವಾರ ಮಧ್ಯಾಹ್ನ ನಾಲ್ವರೂ ಹಾರ್ಬೋರ್ನಿನ ನಮ್ಮ ಮನೆಯಲ್ಲಿ ಸೇರುತ್ತಿದ್ದರು, ಯಾಕೆಂದರೆ ನಮ್ಮ ಡೈನಿಂಗ್ ಟೇಬಲ್ ದೊಡ್ಡದು, ಮತ್ತು ಕಾಫಿಗೆ ನಾನಿದ್ದೆ. ಒಂದು ಭಾನುವಾರ ದೇಸಾಯರು, "ಬ್ರಿಜ್ ಆಡೂಣೇನ್ರೀ?" ಎಂದು ಕೇಳಿದರು.

"ಬ್ರಿಜ್ ಈಸ್ ಫಾರ್ ಬ್ಯಾಂಕ್ ಮ್ಯಾನೇಜರ್ಸ್" ಎಂದರು ಆ ಮನುಷ್ಯ. ಒಂದು ವರ್ಷ ಅಮೆರಿಕದಲ್ಲಿ ಫೆಲೋಶಿಪ್ ಮಾಡಿ ಬಂದಿದ್ದರು. ಅಲ್ಲಿಂದ ಒಂದು ಆಟ ಹೊತ್ತು ತಂದಿದ್ದರು, ಹೆಸರು ಪೀನಕಲ್. ಈ ದೇಶದಲ್ಲಿ ಅದನ್ನು ಆಡುವವರು ಹುಡುಕಿದರೂ ಸಿಗುವುದಿಲ್ಲ. ತನಗೊಬ್ಬನಿಗೇ ಗೊತ್ತಿರುವ ಆಟವನ್ನು ತಾನೇ ಕಲಿಸಿ, ತಾನೇ ಗೆದ್ದು, ತಾನೇ ರೂಲ್ ಹೇಳುವ ಸುಖ ಬ್ರಿಜ್ಜಿನಲ್ಲಿ ಎಲ್ಲಿ ಸಿಗಬೇಕು?

ಆ ಆಟದ ಕಟ್ಟು ಇಲ್ಲಿನ ಅಂಗಡಿಯಲ್ಲಿ ಸಿಗುವುದಿಲ್ಲ. ಕಟ್ಟಿಕೊಳ್ಳಬೇಕು. ಮೊದಲ ದಿನ ನೀಲಿ ಬೆನ್ನಿನ ಎರಡು ಹೊಸ ಪ್ಯಾಕ್ ಒಡೆದು ನಮ್ಮ ಟೇಬಲ್ಲಿನ ಮೇಲೆ ಹರಡಿದರು. ಆಪರೇಷನ್ ಥಿಯೇಟರಿನಲ್ಲಿ ಸ್ಟೂಡೆಂಟುಗಳಿಗೆ ಪಾಠ ಮಾಡುವ ದನಿ.

"ಎರಡರಿಂದ ಎಂಟರವರೆಗೆ ಎಲ್ಲಾ ಕಸ" ಎನ್ನುತ್ತ ಒಂದೊಂದೇ ಎಲೆಯನ್ನು ನನ್ನ ಕಾರ್ಪೆಟ್ಟಿನ ಮೇಲೆ ಬೀಸಿದರು. "ಉಳಿಯೋದು ಒಂಬತ್ತು, ಗುಲಾಮ, ರಾಣಿ, ರಾಜ, ಹತ್ತು, ಎಕ್ಕ. ಇಸ್ಪೀಟು, ಆಟೀನು, ಡೈಮಂಡು, ಕಳಾವರು, ನಾಲ್ಕರಲ್ಲೂ ಪ್ರತಿಯೊಂದೂ ಎರಡೆರಡು. ಒಟ್ಟು ನಲವತ್ತೆಂಟು. ನೋ ಪ್ಯಾಸೆಂಜರ್ಸ್."

"ಎಕ್ಕದ ಕೆಳಗೆ ರಾಜ ತಾನೇ?" ಎಂದರು ನಮ್ಮವರು.

"ಎಕ್ಕದ ಕೆಳಗೆ ಹತ್ತು. ಆಮೇಲೆ ರಾಜ. ನಿಮ್ಮ ಮೈಸೂರಲ್ಲಿ ರಾಜ ದೊಡ್ಡೋನಿರಬಹುದಪ್ಪ." ತಾನು ಮೈಸೂರಿನವನೇ ಅಲ್ಲ ಎಂಬಂತೆ.

"ಒಂದೇ ಸುತ್ತಲ್ಲಿ ಎರಡೂ ಆಟೀನ್ ಎಕ್ಕ ಬಿದ್ರೆ, ಸಾಬ್?" ಇಕ್ಬಾಲ್ ಕೇಳಿದ.

"ಮೊದಲು ಬಿದ್ದದ್ದಕ್ಕೆ ಗೆಲುವು. ಎರಡನೇದಕ್ಕೂ ಅದೇ ಮುಖ, ಅದೇ ಬೆಲೆ. ಆದರೆ ಲೇಟ್." ಹೀಗೆ ಹೇಳಿ ನಮ್ಮವರ ಕಡೆ ನೋಡಿ ನಕ್ಕರು. ನಮ್ಮವರೂ ನಕ್ಕರು. ನಾನು ಮೊಣಕಾಲೂರಿ ಕಾರ್ಪೆಟ್ಟಿನಿಂದ ಎರಡು, ಮೂರು, ನಾಲ್ಕುಗಳನ್ನು ಹೆಕ್ಕುತ್ತಿದ್ದೆ. ನಗು ಬರಲಿಲ್ಲ.

ಹಾಗೆ ನೋಡಿದರೆ ಆ ಕಟ್ಟೇ ಆ ಮನುಷ್ಯನ ಪ್ರಪಂಚ. ಒಂಬತ್ತಕ್ಕಿಂತ ಕೆಳಗಿನವರು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಪೋರ್ಟರುಗಳಿಗೆ ಗುಡ್ ಮಾರ್ನಿಂಗ್ ಇಲ್ಲ, ಜಿಪಿ ಎನ್ನುವ ಬಡಾವಣೆಯ ಡಾಕ್ಟರುಗಳಿಗೆ ಅರ್ಧ ಗುಡ್ ಮಾರ್ನಿಂಗ್. ನಾನು ಕಾನ್ವೆಂಟಿನಲ್ಲಿ ಓದಿದವಳು, ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನ್ ಕಾನ್ವೆಂಟ್, ಕಾಫಿ ಎಲ್ಲಿ?" ಎನ್ನುವುದು. ಚಿತ್ರಾನ್ನ ಕೊಟ್ಟರೆ ಗೋಡಂಬಿ ಹೆಕ್ಕಿ ತಿಂದು ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳುವುದು. ಎಲೆ ಹಂಚುವಾಗ ಬೆರಳಿಗೆ ಎಂಜಲು ಹಚ್ಚುವುದು, ಅದೂ ಇನ್‌ಫೆಕ್ಷನ್ ಕಂಟ್ರೋಲ್ ಕಮಿಟಿಯ ಚೇರ್ಮನ್! ಕೂರುವುದಕ್ಕೆ ಕಿಟಕಿಯ ಮುಂದಿನ ಕುರ್ಚಿಯೇ ಬೇಕು, ಕಿಟಕಿಗೆ ಬೆನ್ನು ಹಾಕಿ. "ನನ್ನ ಬ್ಯಾಕಿಗೆ ಬಿಸಿಲು ಒಳ್ಳೇದು" ಎನ್ನುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ನವೆಂಬರಿನಲ್ಲಿ ಎಂಥ ಬಿಸಿಲೋ.

ಆಟದಲ್ಲಿ ಒಂದೇ ಬಗೆಯ ರಾಜ ರಾಣಿ ಕೈಯಲ್ಲಿ ಸೇರಿದರೆ ಮದುವೆ, ಅದಕ್ಕೆ ಇಪ್ಪತ್ತು ಅಂಕ. ಇಸ್ಪೀಟ್ ರಾಣಿಗೆ ಡೈಮಂಡ್ ಗುಲಾಮ ಜೊತೆಯಾದರೆ ಅದೇ ಪೀನಕಲ್, ಅದಕ್ಕೆ ನಲವತ್ತು. ಬಣ್ಣ ಬೇರೆ, ಅಂತಸ್ತು ಬೇರೆ, ಆದರೂ ಅಂಕ ದುಪ್ಪಟ್ಟು. ಇದನ್ನು ಪ್ರತಿ ಭಾನುವಾರ ಮಂತ್ರದಂತೆ ಹೇಳುತ್ತಿದ್ದ ಮನುಷ್ಯ, ಮಗಳು ಲೀಡ್ಸಿನಲ್ಲಿ ಒಬ್ಬ ಪ್ಲಂಬರನ್ನು ಮದುವೆಯಾದಾಗ ರಿಜಿಸ್ಟ್ರಿ ಆಫೀಸಿನ ಮೆಟ್ಟಿಲು ಹತ್ತಲಿಲ್ಲ. ಆ ದಿನ ಆನ್‌ಕಾಲ್ ಡ್ಯೂಟಿ ಇದೆ ಎಂದು ಹೇಳಿ ಕಳುಹಿಸಿದರು. ಆನ್‌ಕಾಲ್ ಇದ್ದದ್ದು ನಮ್ಮವರಿಗೆ.

ಈ ಆನ್‌ಕಾಲಿನ ಮಾತು ಬಂತು. ಡಿಸೆಂಬರಿನ ಡ್ಯೂಟಿ ರೋಟಾ ಎಂದರೆ ಎಲ್ಲ ಆಸ್ಪತ್ರೆಗಳಲ್ಲೂ ಜಗಳ. ಕ್ರಿಸ್ಮಸ್ ಮತ್ತು ನ್ಯೂ ಇಯರ್ ವಾರಗಳಲ್ಲಿ ಯಾರು ಡ್ಯೂಟಿ ಮಾಡಬೇಕು? ಸ್ಕೂಲಿಗೆ ರಜೆ, ಇಂಡಿಯಾದಲ್ಲಿ ಹಿತವಾದ ಚಳಿ, ಎಲ್ಲರಿಗೂ ಹೋಗುವ ಆಸೆ. ನಮ್ಮ ನಾಲ್ವರು ಜಗಳವಾಡಲಿಲ್ಲ. ನವೆಂಬರಿನ ಕೊನೆಯ ಭಾನುವಾರ ಸಾವಿರ ಅಂಕದ ಒಂದು ದೊಡ್ಡ ಆಟ. ಸೋತ ಜೋಡಿ ಎರಡೂ ವಾರ ಹಂಚಿಕೊಳ್ಳಬೇಕು, ಗೆದ್ದ ಜೋಡಿ ವಿಮಾನ ಹತ್ತಬೇಕು. ದೇಸಾಯರು ಆ ಮನುಷ್ಯನ ಜೋಡಿ, ಇಕ್ಬಾಲ್ ನಮ್ಮವರ ಜೋಡಿ. ಡಿಪಾರ್ಟ್‌ಮೆಂಟಿನ ಇಂಗ್ಲಿಷ್ ಡಾಕ್ಟರುಗಳಿಗೆ ಗೊತ್ತಾಗಿದ್ದರೆ ನಗುತ್ತಿದ್ದರೋ ಕಂಪ್ಲೇಂಟ್ ಕೊಡುತ್ತಿದ್ದರೋ.

ಮೊದಲ ವರ್ಷ ನಮ್ಮವರು ಮತ್ತು ಇಕ್ಬಾಲ್ ಗೆದ್ದರು. ಸುಮ್ಮನೆ ಅಲ್ಲ, ಇನ್ನೂರು ಅಂಕದಿಂದ. ನಾವು ಮೈಸೂರಿಗೆ ಹೋದೆವು. ನಾನು ನನ್ನ ಕಾನ್ವೆಂಟಿಗೆ ಹೋದೆ. ನನಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಇನ್ನೂ ಇದ್ದರು, ಕೈ ನಡುಗುತ್ತಿತ್ತು, ಕಣ್ಣು ಮಾತ್ರ ಹಾಗೇ. "ಯು ವಿಲ್ ಕಮ್ ಫಾರ್ ದ ಜುಬಿಲಿ, ಚೈಲ್ಡ್" ಎಂದರು. ಸ್ಕೂಲಿನ ಜುಬಿಲಿ ನಾಲ್ಕು ವರ್ಷದ ನಂತರ, ಡಿಸೆಂಬರಿನಲ್ಲಿ. "ಯೆಸ್ ಸಿಸ್ಟರ್" ಎಂದೆ. ಐವತ್ತರ ಹತ್ತಿರದ ಹೆಂಗಸು, ಸ್ಕೂಲ್ ಹುಡುಗಿಯ ಹಾಗೆ ಕೈ ಹಿಂದೆ ಕಟ್ಟಿಕೊಂಡು.

ನಾವು ವಾಪಸ್ ಬಂದೆವು, ಬೇಸಿಗೆ ಕಳೆಯಿತು, ಒಂದು ಭಾನುವಾರ ಆ ಮನುಷ್ಯ ಹೊಸ ಕಟ್ಟು ತಂದರು. ಹಳೆಯದರ ಮೇಲೆ ದೇಸಾಯರು ಕಾಫಿ ಚೆಲ್ಲಿದ್ದರಂತೆ. "ಮನೇಲೇ ಕೂತು ಜೋಡಿಸಿದೆ" ಎಂದು ಹೊಳೆಯುವ ನಲವತ್ತೆಂಟು ಎಲೆ ಟೇಬಲ್ಲಿಗಿಟ್ಟರು. ಅದೇ ನೀಲಿ ಬೆನ್ನು. ಉಳಿದ ಎಲೆಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ತಂದು ನನ್ನ ಕೈಗಿತ್ತರು. "ತಗೋ ಕಾನ್ವೆಂಟ್, ಕಸ. ನಿನ್ನ ಮಗಳು ಮನೆ ಕಟ್ಟಿ ಆಡ್ಕೊಳ್ಲಿ."

"ಮಮ್, ಐ ಆ್ಯಮ್ ಫೋರ್ಟೀನ್" ಎಂದಳು ಮಗಳು. ಡಬ್ಬಿ ತೆರೆಯದೆ ಲಾಫ್ಟ್ ಸೇರಿತು.

ಆಮೇಲೆ ಒಂಬತ್ತು ಡಿಸೆಂಬರ್. ಒಂಬತ್ತರಲ್ಲೂ ನಮ್ಮವರು ಸೋತರು. ನಾವು ಆಗಸ್ಟಿನಲ್ಲಿ ಊರಿಗೆ ಹೋಗಿ ಬರುತ್ತಿದ್ದೆವು, ಊರಿಗೆ ಹೋಗಲಿಲ್ಲ ಎಂದಲ್ಲ. ಆದರೆ ಜುಬಿಲಿಯ ದಿನ ನಾನು ಇಲ್ಲಿ, ಹೊರಗೆ ಮಂಜು, ನಮ್ಮವರು ಥಿಯೇಟರಿನಲ್ಲಿ ಯಾರದೋ ಅಪೆಂಡಿಕ್ಸಿಗೆ ಮತ್ತಿನ ಮದ್ದು ಕೊಡುತ್ತಿದ್ದರು. ಮರುವರ್ಷ ಸಿಸ್ಟರ್ ಹೋದರು.

ಅದನ್ನು ನಾನು ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಬೇರೆ. ಒಂದು ವರ್ಷ ಕನ್ಸಲ್ಟೆಂಟ್ ಹುದ್ದೆ ಖಾಲಿಯಾಯಿತು. ನಮ್ಮವರು ಅರ್ಜಿ ತುಂಬಿ, ನನ್ನಿಂದ ಇಂಗ್ಲಿಷ್ ತಿದ್ದಿಸಿ, ಕವರಿನಲ್ಲಿಟ್ಟಿದ್ದರು. ಭಾನುವಾರ ಆಟದ ನಡುವೆ ನಮ್ಮವರ ಒಂದು ಒಳ್ಳೆಯ ರಾಜ ಬಿದ್ದ ಕೂಡಲೇ ಎಕ್ಕ ಬಂದು ಹೊಡೆಯಿತು.

"ಎಕ್ಕ ಎಲ್ಲಿದೆ ಅಂತ ಲೆಕ್ಕ ಇಡಬೇಕಪ್ಪಾ" ಎಂದರು ಆ ಮನುಷ್ಯ. "ನಲವತ್ತೆಂಟು ಎಲೆ ನೆನಪಿಡಕ್ಕಾಗಲ್ಲ, ಡಿಪಾರ್ಟ್‌ಮೆಂಟ್ ಹೇಗ್ ನಡೆಸ್ತೀಯಾ? ನಿಜ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನೀನು ಒಳ್ಳೇ ಒಂಬತ್ತು. ಒಂಬತ್ತೂ ಬೇಕು ಆಟಕ್ಕೆ."

"ಸಾಬ್, ಅಷ್ಟೆಲ್ಲಾ ಯಾಕೆ" ಎಂದ ಇಕ್ಬಾಲ್. ದೇಸಾಯರು ತಮ್ಮ ಎಲೆಗಳನ್ನು ಮತ್ತೆ ಮತ್ತೆ ಜೋಡಿಸಿಕೊಂಡರು.

ಕವರು ಪೋಸ್ಟ್ ಆಗಲಿಲ್ಲ. ನಾನು ಕೇಳಿದ್ದಕ್ಕೆ ನಮ್ಮವರು, "ಅವನು ಹೇಳಿದ್ದರಲ್ಲಿ ಸುಳ್ಳೇನಿದೆ? ನನ್ನ ತಲೆ ಅಷ್ಟೇ ಕಣೇ" ಎಂದರು. ಕೋಪವಿಲ್ಲ, ನಾಟಕವಿಲ್ಲ. ಬ್ಲಡ್ ಗ್ರೂಪ್ ಹೇಳುವ ಹಾಗೆ ಹೇಳಿದರು. ಅಂದಿನಿಂದ ಮನೆಯಲ್ಲಿ ಏನೇ ಆದರೂ ಅದೇ ಮಾತು. ಕಾರಿನ ಕೀ ಸಿಗದಿದ್ದರೆ, ಕೌನ್ಸಿಲ್ ಟ್ಯಾಕ್ಸಿನ ಫಾರ್ಮ್ ಅರ್ಥವಾಗದಿದ್ದರೆ, "ಒಂಬತ್ತು ಅಲ್ವಾ ನಾನು." ಸಾವಿರಾರು ಜನರನ್ನು ಮಲಗಿಸಿ, ಒಬ್ಬೊಬ್ಬರನ್ನೂ ಮತ್ತೆ ಎಬ್ಬಿಸಿ ಕಳುಹಿಸಿದ ಮನುಷ್ಯ.

ಎಲ್ಲರೂ ರಿಟೈರ್ ಆದರು. ದೇಸಾಯರು ತೀರಿಕೊಂಡರು, ಇಕ್ಬಾಲ್ ಮಗನ ಹತ್ತಿರ ಶೆಫೀಲ್ಡಿಗೆ ಹೋದ. ಆ ಮನುಷ್ಯ ಮಾತ್ರ ಕೂಟದ ಯುಗಾದಿಗೆ, ದೀಪಾವಳಿಗೆ ಬಂದು ಮೊದಲ ಸಾಲಿನಲ್ಲಿ ಕೂತು, ಹುಡುಗರಿಗೆ, "ಇವನ್ನ ಒಂಬತ್ತು ವರ್ಷ ಸೋಲ್ಸಿದೀನಿ" ಎಂದು ನಮ್ಮವರನ್ನು ತೋರಿಸುತ್ತಿದ್ದರು. ನಮ್ಮವರು ತಲೆಯಾಡಿಸುತ್ತಿದ್ದರು, ಏನೋ ಪದಕ ಸಿಕ್ಕಿದವರಂತೆ.

ಕಳೆದ ವರ್ಷ ನಮ್ಮವರಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ನಿಧಾನವಾಯಿತು. ಬೆಳಿಗ್ಗೆ ಏನು ತಿಂದೆ ಎಂಬುದು ಮಧ್ಯಾಹ್ನಕ್ಕೆ ಮರೆಯುತ್ತದೆ. ಮನೆಗೆ ಬಂದ ಥೆರಪಿಸ್ಟ್ ಹುಡುಗಿ, "ಸಮ್‌ಥಿಂಗ್ ಸಿಂಪಲ್, ಲವ್. ಕಾರ್ಡ್ಸ್ ಇದ್ದರೆ ನಂಬರ್ ಪ್ರಕಾರ ಜೋಡಿಸಲಿ" ಎನ್ನುವ ಅರ್ಥದಲ್ಲಿ ಹೇಳಿದಳು. ನಾನು ಮಗಳಿಂದ ಲಾಫ್ಟಿನ ಬಿಸ್ಕತ್ತಿನ ಡಬ್ಬಿ ಇಳಿಸಿದೆ. ಸಣ್ಣ ಎಲೆಗಳು ತಾನೇ, ಇವರಿಗೆ ಸರಿ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ನನಗೇ ನಾಚಿಕೆಯಾಯಿತು.

ಎಡಗೈಯಲ್ಲಿ ಎರಡನ್ನು ಎರಡಕ್ಕೆ, ಮೂರನ್ನು ಮೂರಕ್ಕೆ ಸೇರಿಸುತ್ತಿದ್ದವರು ಒಂದು ಎಲೆ ಎತ್ತಿ ಹಿಡಿದರು. "ಇದು... ಎಲ್ಲಿಗೆ?"

ಇಸ್ಪೀಟ್ ಎಕ್ಕ.

"ಅದು ಇಲ್ಲಿರಬಾರದು" ಎಂದೆ. ಮತ್ತೊಂದು ಬಂತು. ಮತ್ತೂ ಒಂದು. ಅವರು ಮಲಗಿದ ಮೇಲೆ ಕೂತು ಎಣಿಸಿದೆ. ಎರಡು ಪ್ಯಾಕಿಗೆ ನೂರನಾಲ್ಕು ಎಲೆ. ನಲವತ್ತೆಂಟು ಆಟಕ್ಕೆ ಹೋದರೆ ಉಳಿಯಬೇಕಾದದ್ದು ಐವತ್ತಾರು, ಎಲ್ಲವೂ ಎರಡರಿಂದ ಎಂಟರೊಳಗೆ. ಡಬ್ಬಿಯಲ್ಲಿ ಅರವತ್ನಾಲ್ಕು ಇದ್ದವು. ಹೆಚ್ಚಿನ ಎಂಟೂ ಎಕ್ಕಗಳು, ಹೊಚ್ಚ ಹೊಸವು, ನಾಲ್ಕು ಬಗೆಯವೂ ಎರಡೆರಡು.

ಎಂಟೂ ಎಕ್ಕ ಇಲ್ಲಿದ್ದರೆ ಒಂಬತ್ತು ವರ್ಷ ನಮ್ಮ ಟೇಬಲ್ಲಿನ ಮೇಲೆ ಆಡಿದ ಎಕ್ಕಗಳು ಎಲ್ಲಿಯವು? ಹೊಸ ಎಕ್ಕಗಳನ್ನು ಕಸಕ್ಕೆ ಹಾಕಿ ಬೇರೆ ಪ್ಯಾಕಿನ ಎಕ್ಕಗಳನ್ನು ಯಾರಾದರೂ ಯಾಕೆ ಸೇರಿಸುತ್ತಾರೆ? ಉತ್ತರ ಹೊಳೆಯಿತು, ಆದರೆ ಕಟ್ಟು ನನ್ನ ಕೈಯಲ್ಲಿರಲಿಲ್ಲ. ನೋಡದೆ ಹೇಳಬಾರದೆಂದು ಸುಮ್ಮನಿದ್ದೆ. ಡಬ್ಬಿಯನ್ನು ನನಗೆ ಕೊಟ್ಟ ಧೈರ್ಯ ಮಾತ್ರ ನೋಡಿ. ಕಸವನ್ನು ಯಾರೂ ಎಣಿಸುವುದಿಲ್ಲ ಎಂಬ ನಂಬಿಕೆ. ಕಳ್ಳತನದಲ್ಲೂ ಸೋಮಾರಿ.

ಎರಡು ತಿಂಗಳ ಹಿಂದೆ ಆ ಮನುಷ್ಯ ಸತ್ತ. ಇಲ್ಲಿಂದ ಮುಂದೆ ನನಗೆ ಬಹುವಚನ ಬರುವುದಿಲ್ಲ, ಕ್ಷಮಿಸಿ.

ಕ್ರಿಮೇಷನ್ ಆದ ಮರುವಾರ ಅವನ ಮಗಳು ಲೀಡ್ಸಿನಿಂದ ಬಂದಳು. ಕೈಯಲ್ಲಿ ಒಂದು ಸಣ್ಣ ಮರದ ಪೆಟ್ಟಿಗೆ. "ಡ್ಯಾಡ್ ಸೆಡ್ ಅಂಕಲ್ ಷುಡ್ ಹ್ಯಾವ್ ದೀಸ್. ದ ಪೀನಕಲ್ ಕಾರ್ಡ್ಸ್."

ನಮ್ಮವರ ಕಣ್ಣು ತುಂಬಿತು. "ನನಗೇ ಕೊಡು ಅಂದ್ನಾ?"

"ಯೆಸ್, ಅಂಕಲ್. ಹಿ ಸೆಡ್ ಯು ವರ್ ಎ ಗುಡ್ ಸ್ಪೋರ್ಟ್."

ಗುಡ್ ಸ್ಪೋರ್ಟ್! ನಾನು ಅವಳಿಗೆ ಚಿತ್ರಾನ್ನ ಬಡಿಸಿದೆ. ಗೋಡಂಬಿಯನ್ನೂ ತಿಂದಳು, ಅನ್ನವನ್ನೂ ತಿಂದಳು. ಅವಳಿಗೆ ಏನೂ ಹೇಳಲಿಲ್ಲ, ಹೇಳುವುದೂ ಇಲ್ಲ.

ಅವಳು ಹೋದ ಮೇಲೆ ಕಟ್ಟನ್ನು ತೆಗೆದುಕೊಂಡು ಕಿಟಕಿಗೆ ಬೆನ್ನು ಹಾಕಿ ಆ ಕುರ್ಚಿಯಲ್ಲೇ ಕೂತೆ. ಎಲೆಗಳ ಬೆನ್ನು ನನ್ನ ಕಡೆಗೆ ಬರುವಂತೆ ಟೇಬಲ್ಲಿನ ಆಚೆ ಬದಿಗೆ ಒರಗಿಸಿಟ್ಟೆ. ನನ್ನ ಹೆಗಲ ಮೇಲಿಂದ ಹಾದ ಬೆಳಕು ನೇರ ಅವುಗಳ ಮೇಲೆ ಬಿತ್ತು. ನಲವತ್ತು ಎಲೆಗಳದ್ದು ಹೊಸ ಯೂನಿಫಾರ್ಮಿನ ನೀಲಿ. ಎಂಟರದ್ದು ಅದೇ ಯೂನಿಫಾರ್ಮು ನಾಲ್ಕು ಸಲ ಒಗೆದ ನೀಲಿ. ಹುಡುಕುವವರಿಗೆ ಮಾತ್ರ ಕಾಣುವಷ್ಟು ವ್ಯತ್ಯಾಸ. ಆ ಎಂಟನ್ನು ತಿರುಗಿಸಿ ನೋಡುವ ಅಗತ್ಯವೇ ಇರಲಿಲ್ಲ, ಆದರೂ ತಿರುಗಿಸಿದೆ. ಎರಡು ಪ್ಯಾಕನ್ನು ಯಾವುದೋ ಕಿಟಕಿಯ ಗೂಡಿನಲ್ಲಿ ತಿಂಗಳುಗಟ್ಟಲೆ ಬಿಸಿಲಿಗಿಟ್ಟು ಎಕ್ಕಗಳನ್ನು ಮಾತ್ರ ಆರಿಸಿಕೊಂಡಿದ್ದಾನೆ. ಫೆಲೋಶಿಪ್ ಮಾಡಿದ ತಲೆ. ರೋಗಿಗಳಿಗಾಗಿ ಇಷ್ಟು ತಾಳ್ಮೆ ತೋರಿಸಿದ್ದನೋ ಇಲ್ಲವೋ.

ಮೊದಲಿಗೆ ನಮ್ಮವರಿಗೆ ಹೇಳುವುದು ಬೇಡ ಎನ್ನಿಸಿತು. ಈಗ ತಾನೇ ಕಣ್ಣೀರು ಹಾಕಿದ್ದಾರೆ, ಈ ವಯಸ್ಸಿನಲ್ಲಿ ಗೆಳೆಯನನ್ನೂ ಕಿತ್ತುಕೊಳ್ಳುವುದೇಕೆ? ನಾನು ಕಟ್ಟನ್ನು ರಿಪೇರಿ ಮಾಡಿದೆ. ಮಾಸಿದ ಎಂಟು ಎಕ್ಕ ಹೊರಗೆ, ಡಬ್ಬಿಯ ಎಂಟು ಎಕ್ಕ ಒಳಗೆ. ಅಷ್ಟು ವರ್ಷ ಲಾಫ್ಟಿನಲ್ಲಿದ್ದರೂ ತಮ್ಮ ಜೊತೆಯವರಲ್ಲಿ ಬೆರೆತು ಒಂದಾಗಿಬಿಟ್ಟವು.

ಮರುದಿನ ಬೆಳಿಗ್ಗೆ ಇಬ್ಬರೇ ಕೂತು ಆಡಿದೆವು. ಎಲೆ ನಿಲ್ಲಿಸಿಕೊಳ್ಳಲು ಅವರಿಗೆ ಮಗಳು ಒಂದು ಮರದ ಸ್ಟ್ಯಾಂಡ್ ತಂದುಕೊಟ್ಟಿದ್ದಳು. ನಾನು ಕೈಲಾದಷ್ಟೂ ಪ್ರಯತ್ನಪಟ್ಟೆ, ಇದು ಪ್ರಾಮಾಣಿಕ ಮಾತು. ಅವರು ಗೆದ್ದರು. ಇನ್ನೊಂದು ಆಡಿದೆವು, ಮತ್ತೆ ಗೆದ್ದರು. ನನ್ನ ಕಳಾವರ್ ಎಕ್ಕ ಹೊರಬೀಳುವ ತನಕ ಕಾದು ಕೂತು, ಆಮೇಲೆ ತಮ್ಮ ಹತ್ತನ್ನು ಮೆಲ್ಲಗೆ ಬಿಟ್ಟರು.

"ನೀವು ಗೆದ್ರಿ!" ಎಂದೆ.

ಅವರು ನನ್ನನ್ನು ನೋಡಿದ ನೋಟವನ್ನು ಹೇಗೆ ಬರೆಯಲಿ? ಮಗುವಿಗೆ ಸಮಾಧಾನ ಮಾಡುವ ತಾಯಿಯನ್ನು ಮಗುವೇ ಕರುಣೆಯಿಂದ ನೋಡಿದ ಹಾಗೆ. "ಬೇಕಂತ ಸೋತೆ ನೀನು" ಎಂದರು. "ಪರವಾಗಿಲ್ಲ. ನಾನು ಒಂಬತ್ತು... ಗೊತ್ತು ನನಗೆ."

ಆಗ ಎದ್ದು ಹೋಗಿ ಆ ಎಂಟನ್ನು ತಂದೆ. ಅವರನ್ನು ಕಿಟಕಿಯ ಮುಂದಿನ ಕುರ್ಚಿಗೆ ಕೂರಿಸಿದೆ. ಎದುರು ಕೂತು ಎಂಟು ಮಾಸಿದ ಎಕ್ಕಗಳ ನಡುವೆ ಬೇರೆ ಎಲೆಗಳನ್ನು ಸೇರಿಸಿ, ಬೆನ್ನು ಅವರಿಗೆ ಕಾಣುವಂತೆ ಬೀಸಣಿಗೆಯ ಹಾಗೆ ಹಿಡಿದೆ.

"ಎಕ್ಕ ಯಾವುದು ಹೇಳಿ."

ಎಲೆಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿದರು. ಆಮೇಲೆ ಎಡಗೈ ಬೆರಳು ಮೇಲೆದ್ದಿತು. "ಇದು. ಇದು. ಇದೂ..." ಎಂಟನ್ನೂ ಮುಟ್ಟಿದರು, ಒಂದೂ ತಪ್ಪಲಿಲ್ಲ. ಬೆರಳು ಗಾಳಿಯಲ್ಲೇ ನಿಂತಿತು. ನಾನು ಡಬ್ಬಿಯ ಕಥೆ ಹೇಳಿದೆ.

ಎಡಗೈಯಿಂದ ಎಂಟನ್ನೂ ಒಂದೊಂದಾಗಿ ಎಳೆದು ಟೇಬಲ್ಲಿನ ಮೇಲೆ ಸಾಲಾಗಿಟ್ಟರು. ಎದೆ ಒಡೆಯಿತೇನೋ, ನಾನು ತಪ್ಪು ಮಾಡಿದೆನೇನೋ ಎಂದು ಹೆದರಿದೆ.

"ಕೊನೇ ವರ್ಷ" ಎಂದರು. "ಅವರು ಸಾವಿರ. ನಾವು... ಒಂಬೈನೂರ ಎಂಬತ್ತು."

"ನೆನಪಿದೆಯಾ?"

"ಅದರ ಹಿಂದಿನ ವರ್ಷ ಒಂಬೈನೂರ ನಲವತ್ತು. ಅದರ ಹಿಂದೆ ಒಂಬೈನೂರ ಅರವತ್ತು." ಹೀಗೇ ಹಿಂದಕ್ಕೆ ಹಿಂದಕ್ಕೆ ಒಂಬತ್ತೂ ಡಿಸೆಂಬರಿನ ಅಂಕಗಳನ್ನು ಹೇಳಿದರು. ಅಂದು ಬೆಳಿಗ್ಗೆ ಇಡ್ಲಿ ತಿಂದದ್ದು ನೆನಪಿಲ್ಲದ ಮನುಷ್ಯ.

"ಎಂಟೂ ಎಕ್ಕ ಕಾಣ್ತಿತ್ತು ಅವನಿಗೆ" ಎಂದರು.

"ಹೂಂ."

"ನಮ್ಮ ಕೈಯಲ್ಲಿರೋದೂ ಕಾಣ್ತಿತ್ತು."

"ಹೂಂ."

"ಆದ್ರೂ... ಬರೀ ಇಪ್ಪತ್ತು ಅಂಕ?"

ನನಗೆ ಅರ್ಥವಾಗುವ ಮೊದಲೇ ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಬಾಯಿಯ ಒಂದೇ ಬದಿಯಿಂದ, ಕಣ್ಣಲ್ಲಿ ನೀರು ಬರುವ ಹಾಗೆ. "ಎಂಥಾ ಪೆದ್ದ ಇರ್ಬೇಕು ಕಣೇ ಅವನು!"

ಮದುವೆಯಾದಂದಿನಿಂದ ಇಂದಿನವರೆಗೆ ಅವರು ತಮ್ಮನ್ನು ಬಿಟ್ಟು ಬೇರೆ ಯಾರನ್ನೂ ಪೆದ್ದ ಎಂದದ್ದನ್ನು ನಾನು ಕೇಳಿರಲಿಲ್ಲ.

ಆ ಎಂಟು ಎಕ್ಕಗಳು ಈಗ ನಮ್ಮ ಮನೆಯಲ್ಲಿಲ್ಲ. ಪ್ಲಾಸ್ಟಿಕ್ ಮೆತ್ತಿದ ಕಾಗದವಾದ್ದರಿಂದ ಕೌನ್ಸಿಲಿನ ರೀಸೈಕ್ಲಿಂಗಿಗೂ ಬೇಡವಂತೆ. ಕಸದ ಜೊತೆ ಕಸವಾಗಿ ಹೋದವು. ಆದರೆ ಅದಕ್ಕೆ ಮೊದಲು, ಆ ಬೆಳಿಗ್ಗೆಯೇ, "ಇಕ್ಬಾಲ್‌ಗೆ ಫೋನ್ ಹಾಕು" ಎಂದರು. ಸ್ಪೀಕರಿನಲ್ಲಿಟ್ಟೆ. ಆ ಕಡೆ ಟ್ರ್ಯಾಮಿನ ಗಂಟೆ ಕೇಳಿಸಿತು, ಎಲ್ಲೋ ಬೀದಿಯಲ್ಲಿದ್ದ.

"ಇಕ್ಬಾಲ್. ಕೊನೇ ವರ್ಷ ನಮ್ಮ ಸ್ಕೋರ್ ಎಷ್ಟು?" ಹಲೋ ಇಲ್ಲ, ಏನಿಲ್ಲ.

"ಒಂಬೈನೂರ ಎಂಬತ್ತು" ಎಂದ ಇಕ್ಬಾಲ್, ಉಸಿರು ತೆಗೆದುಕೊಳ್ಳುವಷ್ಟೂ ತಡಮಾಡದೆ. "ನಂದೇ ತಪ್ಪು ಭಾಯಿ ಅವತ್ತು, ಆಟೀನ್ ರಾಜ ಹಾಕ್ಬಾರ್ದಿತ್ತು. ಇವತ್ತಿಗೂ ನಿದ್ದೇಲಿ ಬರತ್ತೆ ಅದು. ಯಾಕೆ, ಏನಾಯ್ತು?"

"ಎಲ್ಲಾದ್ರೂ ಬೆಂಚ್ ಇದ್ಯಾ ಅಲ್ಲಿ?"

"ಇದೆ. ಬಸ್ ಸ್ಟಾಪ್ ಇದೆ."

"ಕೂತ್ಕೋ" ಎಂದರು ನಮ್ಮವರು. ಅವನು ಕೂರುವವರೆಗೆ ಕಾದರು. ಆಮೇಲೆ ಒಂದೊಂದೇ ಮಾತನ್ನು ಎಚ್ಚರದಿಂದ ಆರಿಸಿ ಇಟ್ಟರು. "ನಾವಿಬ್ರೂ... ಚೆನ್ನಾಗೇ ಆಡ್ತಿದ್ವಿ ಕಣೋ."